ನೆತ್ತಿಯ ಮೇಲಿನ ಖಾಲಿ ಪೆಟ್ಟಿಗೆ

‘ಇಲ್ಲವಲ್ಲ’ ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಹಾಗೆ ಹೇಳುವಾಗ ಅವನ ಬಲಗೈ ಪ್ಯಾಂಟಿನ ಜೇಬಿನೊಳಗೆ ಆ ಕೀಲಿಕೈಯನ್ನೇ ಹಿಡಿದುಕೊಂಡಿತ್ತು. ಕೇಳಿದವನು ಅಳಿಯ, ಹಲ್ಲಿನ ಡಾಕ್ಟರು. ಊಟದ ಮೇಜಿನ ಮೇಲೆ ಹಣ್ಣಿನ ಬುಟ್ಟಿಯ ಪಕ್ಕ ಇಟ್ಟಿದ್ದ ಕಾರಿನ ರೂಫ್ ಬಾಕ್ಸಿನ ಕೀ ಕಾಣುತ್ತಿಲ್ಲ, ನೀವೇನಾದರೂ ನೋಡಿದಿರಾ ಮಾವ ಎಂದು ಬಹಳ ಮೆತ್ತಗೆ ಕೇಳಿದ್ದ. ಅವನು ಯಾರನ್ನು ಏನು ಕೇಳಿದರೂ ಹಾಗೆಯೇ, ನೋವಾಗುವುದಿಲ್ಲ, ಸ್ವಲ್ಪ ಬಾಯಿ ತೆಗೆಯಿರಿ ಎನ್ನುವ ಧಾಟಿ. ಕೇಳಿದ ಮೇಲೆ ಎದುರಿನವರ ಕಣ್ಣು ನೋಡದೆ ಬಾಯಿ ನೋಡುವ ಅಭ್ಯಾಸ ಬೇರೆ. ಈಗಲೂ ಬಾಯಿಯನ್ನೇ ನೋಡಿದ, ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. ಹುಳುಕು ದವಡೆಹಲ್ಲಿನ ಸಂದಿಯಲ್ಲಿ ಸುಳ್ಳೇನಾದರೂ ಸಿಕ್ಕಿಕೊಂಡು ಕಾಣುತ್ತಿದೆಯೋ ಏನೋ ಎಂದು ಮಾವ ತುಟಿ ಮುಚ್ಚಿಕೊಂಡ. ಇನ್ನೊಂದು ಸಲ ನೆನಪು ಮಾಡಿಕೊಳ್ಳಿ, ಪರವಾಗಿಲ್ಲ, ನಿಧಾನವಾಗಿ ಮಾಡಿಕೊಳ್ಳಿ ಎಂದು ಅಳಿಯ ಹೇಳಿ ಹೊರಗೆ ಹೋದ.

ಕದಿಯಬೇಕೆಂದು ಕದ್ದದ್ದಲ್ಲ. ಹಿಂದಿನ ಸಂಜೆ ಅಳಿಯ ತನ್ನ ಹೊಸ ಕಾರಿನ ನೆತ್ತಿಯ ಮೇಲೆ ಆ ಕರಿ ಪೆಟ್ಟಿಗೆಯನ್ನು ಕೂರಿಸಿ, ತಿರುಪು ಬಿಗಿದು, ಕೈ ಒರೆಸಿಕೊಂಡು, ಇನ್ನು ನಿಮಗೆ ಡಿಕ್ಕಿಯ ತಾಪತ್ರಯವೇ ಇಲ್ಲ ಮಾವ ಎಂದಿದ್ದ. ಉದ್ದಕ್ಕೆ, ಹೊಳೆಯುತ್ತ, ಎರಡೂ ತುದಿ ಕಿರಿದಾಗಿ, ಅದು ಥೇಟು ಹೆಣದ ಪೆಟ್ಟಿಗೆ. ಅದರೊಳಗೆ ಹಡಗಿನ ಪ್ರವಾಸಕ್ಕೆ ಹೊರಟ ಐದು ಜನರ ಸಾಮಾನನ್ನು ಕಣ್ಣು ಮುಚ್ಚಿ ತುರುಕಿದರೂ ಹಿಡಿಸುತ್ತದಂತೆ. ಕಣ್ಣು ಮುಚ್ಚಿ ಎಂಬ ಮಾತು ಮಾವನ ಎದೆಗೆ ನಾಟಿತು. ಹೆಂಡತಿ, ಅಬ್ಬ, ಈ ಸಲವಾದರೂ ಬೆಳಿಗ್ಗೆ ಕೂಗಾಟವಿಲ್ಲದೆ ಹೊರಡಬಹುದು ಎಂದಳು. ಮಗಳು ಗಂಡನ ಬೆನ್ನು ತಟ್ಟಿದಳು. ಎಲ್ಲರೂ ಒಳಗೆ ಹೋದ ಮೇಲೆ ಅವನು ಒಬ್ಬನೇ ಊಟದ ಮನೆಯಲ್ಲಿ ನಿಂತಿದ್ದಾಗ ಆ ಕೀಲಿಕೈ ಕಂಡಿತು. ಬೆರಳಿನ ಅರ್ಧದಷ್ಟಿರುವ, ಆಟದ ಸಾಮಾನಿನಂಥ ಕೀಲಿಕೈ. ಇಷ್ಟು ಚಿಕ್ಕದೇ ಎಂದು ನೋಡಲು ಕೈಗೆತ್ತಿಕೊಂಡ. ಅಷ್ಟರಲ್ಲಿ ಯಾರೋ ಬಂದಂತಾಯಿತು, ಕೈ ಜೇಬಿಗೆ ಹೋಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಲ್ಲೇ ಇಟ್ಟರಾಯಿತು ಎಂದುಕೊಂಡ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವನು ಅಳಿಯ.

ಮಾವನ ಹೆಸರು ಏನೇ ಇರಲಿ, ನೆಂಟರ ಪಾಲಿಗೆ ಅವನು ಡಿಕ್ಕಿಮಾವ. ಹೆಂಡತಿಯ ತಮ್ಮನ ಮಕ್ಕಳು ಚಿಕ್ಕಂದಿನಲ್ಲಿ ಇಟ್ಟ ಹೆಸರು ಅದು. ಈಗ ಆ ಮಕ್ಕಳಿಗೇ ಮೀಸೆ ಬಂದಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಮನೆ ಬದಲಾಯಿಸುವವರು, ಮದುವೆಗೆ ಹೊರಟವರು, ಬಾಣಂತಿಯನ್ನು ಕರೆದೊಯ್ಯುವವರು, ಯಾರ ಕಾರಿನ ಡಿಕ್ಕಿ ಮುಚ್ಚದಿದ್ದರೂ ಅವನಿಗೆ ಫೋನು ಬರುತ್ತಿತ್ತು. ಅವನು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ತುಂಬಿದ್ದನ್ನೆಲ್ಲ ಕೆಳಗಿಳಿಸಿ ಎನ್ನುತ್ತಿದ್ದ. ಆ ಒಂದು ಮಾತಿಗೆ ಎಂಥ ಗತ್ತಿನ ಭಾವಂದಿರೂ ತುಟಿ ಪಿಟಕ್ಕೆನ್ನದೆ ಕೆಳಗಿಳಿಸುತ್ತಿದ್ದರು. ಉಳಿದ ಹೊತ್ತಿನಲ್ಲಿ ಅವನ ಮಾತನ್ನು ಕೇಳುವವರು ಯಾರು? ಔಷಧಿ ಅಂಗಡಿಯಲ್ಲಿ ಹಗಲೆಲ್ಲ ನಿಂತಿರುತ್ತಾನೆ. ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಗೋಬೇಡಿ ಎಂದರೆ, ಡಾಕ್ಟ್ರು ಬರೆದಿದ್ದಾರೆ, ನೀವು ಕೊಡಿ ಅಷ್ಟೇ ಎನ್ನುತ್ತಾರೆ. ಮಗಳ ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಅವನನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಸುತ್ತ, ಇವರು ಮೆಡಿಕಲ್ ಶಾಪು ಎಂದಿದ್ದರು. ಇವರದು ಎನ್ನಲಿಲ್ಲ, ಇವರು ಎಂದರು. ಅವನು ಕೈಮುಗಿದು ಹಲ್ಲು ಕಿರಿದು ನಿಂತಿದ್ದ. ಆ ಹೊತ್ತಿಗೆ ಯಾರಾದರೂ ಬಂದು, ಹೊರಗೆ ಡಿಕ್ಕಿ ಮುಚ್ಚುತ್ತಿಲ್ಲ ಸ್ವಲ್ಪ ಬನ್ನಿ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕೀ ಸಿಗಲಿಲ್ಲ ಎಂಬ ಸುದ್ದಿ ಮನೆಯಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಸೋಫಾದ ದಿಂಬು ಎತ್ತಿದರು, ಹಣ್ಣಿನ ಬುಟ್ಟಿ ಬೋರಲು ಹಾಕಿದರು, ಕಸದ ಡಬ್ಬಿಯೊಳಗೂ ನೋಡಿದ್ದಾಯಿತು. ಅವನೂ ಹುಡುಕಿದ. ಮಂಡಿಯೂರಿ ಫ್ರಿಜ್ಜಿನ ಕೆಳಗೆ ಟಾರ್ಚ್ ಬಿಟ್ಟು ಹುಡುಕುವಾಗ ಕೀಲಿಕೈ ತೊಡೆಗೆ ಚುಚ್ಚುತ್ತಿತ್ತು. ಕೊನೆಗೆ ಹೆಂಡತಿಯ ಅಕ್ಕ ತೀರ್ಪು ಕೊಟ್ಟಳು. ಅತ್ತಿಗೆ ಹೆಡ್‌ಮಿಸ್ ಆಗಿ ನಿವೃತ್ತಳಾದವಳು. ಎಲ್ಲರೂ ಹೆಡ್‌ಮಿಸ್ಸೆಂದೇ ಕರೆಯುತ್ತಿದ್ದರು, ಅವಳೂ ಎಲ್ಲರನ್ನೂ ಐದನೇ ಕ್ಲಾಸಿನವರೆಂದೇ ನಡೆಸಿಕೊಳ್ಳುತ್ತಿದ್ದಳು. ಹಡಗು ನಾಳೆ ಮಧ್ಯಾಹ್ನ ಹೊರಡುತ್ತದೆ, ಬಂದರಿಗೆ ಒಂದೂವರೆ ದಿನದ ದಾರಿಯಿದೆ, ಹಡಗು ನಮ್ಮ ಕೀಗೆ ಕಾಯುವುದಿಲ್ಲ, ಆದ್ದರಿಂದ ಪೆಟ್ಟಿಗೆಯ ಆಸೆ ಬಿಟ್ಟು ಎಲ್ಲವನ್ನೂ ಡಿಕ್ಕಿಗೇ ಹಾಕತಕ್ಕದ್ದು. ಇಷ್ಟು ಹೇಳಿ ಅವನ ಕಡೆ ತಿರುಗಿ, ‘ಇನ್ನು ನೀವೇ ಗತಿ’ ಎಂದಳು. ಎಲ್ಲರೂ ಅವನನ್ನು ನೋಡಿದರು. ಸುಳ್ಳು ಯಾಕೆ ಹೇಳಬೇಕು, ಆ ಗಳಿಗೆಯಲ್ಲಿ ಅವನಿಗೆ ಆದ ಸಂತೋಷ ಮಗಳ ಮದುವೆಯ ದಿನವೂ ಆಗಿರಲಿಲ್ಲ.

ಅವನು ಸೊಂಟದ ಮೇಲೆ ಕೈಯಿಟ್ಟು ಡಿಕ್ಕಿಯ ಮುಂದೆ ನಿಂತ. ಹಡಗಿನ ಪ್ರಯಾಣದ ಸಾಮಾನು ಸಾಮಾನ್ಯದ್ದಲ್ಲ, ಅದಕ್ಕೊಂದು ಕ್ರಮ ಬೇಕು ಎಂದು ಅವನು ವಾರದಿಂದ ಯೋಚಿಸಿಟ್ಟಿದ್ದ. ದೊಡ್ಡ ಸೂಟ್‌ಕೇಸುಗಳನ್ನು ಬಂದರಿನಲ್ಲಿ ಕೂಲಿಯವರು ಒಯ್ಯುತ್ತಾರೆ, ಅವು ಕೋಣೆಗೆ ಬಂದು ಸೇರುವುದು ಸಂಜೆಗೆ. ಆದ್ದರಿಂದ ಅವು ಎಲ್ಲಕ್ಕಿಂತ ಒಳಗೆ. ದಾರಿಯ ಲಾಡ್ಜಿಗೆ ಬೇಕಾಗುವ ಬಟ್ಟೆ, ಬ್ರಷ್ಷು, ಟವೆಲು ಒಂದೇ ಚೀಲದಲ್ಲಿ, ಅದು ಬಾಗಿಲ ಹತ್ತಿರ. ಮಾತ್ರೆ, ಕಾಗದಪತ್ರ, ಹಡಗು ಹತ್ತಿದ ಕೂಡಲೇ ಈಜುಕೊಳಕ್ಕೆ ಇಳಿಯುವವರ ಬಟ್ಟೆ, ಇವು ಕೈಚೀಲದಲ್ಲಿ, ಸೀಟಿನ ಬಳಿ. ಗಟ್ಟಿ ಮೊದಲು, ಮೆತ್ತಗಿನದು ಆಮೇಲೆ, ಚಪ್ಪಲಿ ಸಂದಿಗೆ. ಅಂಗಡಿಯ ಕಪಾಟಿನ ಅರೆಗಳಲ್ಲಿ ಕೆಮ್ಮಿನ ಔಷಧಿಯ ಪಕ್ಕ ಯಾವುದು, ಅದರ ಹಿಂದೆ ಯಾವುದು ಎಂದು ಕತ್ತಲೆಯಲ್ಲೂ ಹೇಳಬಲ್ಲವನು ಅವನು. ಆದರೆ ಅಳಿಯ ಮಗಳು ತಂದ ಎರಡು ಚೀಲಗಳು ಆ ಕರಿ ಪೆಟ್ಟಿಗೆಯ ಅಳತೆಗೆಂದೇ ಕೊಂಡವು. ಚಪ್ಪಟೆ, ಉದ್ದ, ಹೇಗೆ ಮಲಗಿಸಿದರೂ ಕಾಲು ಹೊರಗೆ ಚಾಚುವಂಥವು. ಅತ್ತಿಗೆ ತನ್ನ ದಿಂಬನ್ನು ತಂದಿದ್ದಳು. ಜೊತೆಗೆ ಹಡಗಿನ ಮೇಲೆ ಬಿಸಿಲಿಗೆ ಹಾಕಿಕೊಳ್ಳಲೆಂದು ಕೊಂಡ ಅಗಲ ಅಂಚಿನ ಟೋಪಿ, ಅದಕ್ಕೊಂದು ಗುಂಡು ಡಬ್ಬ, ಒತ್ತಬಾರದು, ಮೇಲೇನೂ ಇಡಬಾರದು, ಬೋರಲು ಹಾಕಬಾರದು. ಗುಂಡಗಿನ ವಸ್ತುವೆಂದರೆ ಅವನಿಗೆ ಮೊದಲಿನಿಂದಲೂ ಆಗದು. ಅದಕ್ಕೆ ಮೂಲೆಯಿಲ್ಲ, ಮೂಲೆಯಿಲ್ಲದ ವಸ್ತುವಿನ ಜೊತೆ ಮಾತುಕತೆ ಸಾಧ್ಯವಿಲ್ಲ.

ಮೊದಲ ಸಲ ತುಂಬಿದಾಗ ದಿಂಬು ಹೊರಗುಳಿಯಿತು. ಎಲ್ಲ ತೆಗೆದು ಮತ್ತೆ ತುಂಬಿದ. ಮಹಡಿಯ ಮನೆಯವರು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದು, ಆ ನೀಲಿಯದನ್ನು ಅಡ್ಡ ಹಾಕಿ ನೋಡಿ ಎಂದು ಮೂಗು ತೂರಿಸಿದರು. ಡಿಕ್ಕಿಮಾವ ತಲೆ ಎತ್ತಲಿಲ್ಲ, ಕಲಾವಿದರಿಗೆ ಇಂಥ ಕಾಟ ಇದ್ದದ್ದೇ. ಎರಡನೆಯ ಸಲ ದಿಂಬು ಒಳಗೆ ಹೋಯಿತು, ಡಬ್ಬ ಹೊರಗುಳಿಯಿತು. ಬೆವರು ಕಿತ್ತು ಬಂತು. ಮೂರನೆಯ ಸಲ ಡಬ್ಬವನ್ನು ನಡುವೆ ಕೂರಿಸಿ ಅದರ ಸುತ್ತ ಎಲ್ಲವನ್ನೂ ಕಟ್ಟಿದ. ಬಾಗಿಲು ಒಂದು ಗೇಣು ಮೇಲೆಯೇ ನಿಂತಿತು. ಬಾಗಿಲ ಮೇಲೆ ಕೂರಬಹುದು, ಆದರೆ ಒಳಗೆ ಟೋಪಿಯಿದೆ, ಟೋಪಿಯ ಹಿಂದೆ ಅತ್ತಿಗೆ ನಿಂತಿದ್ದಾಳೆ. ಇಷ್ಟು ವರ್ಷದಲ್ಲಿ ಒಂದು ಬಾಚಣಿಗೆಯೂ ಅವನ ಕೈಮೀರಿ ಹೊರಗುಳಿದದ್ದಿಲ್ಲ. ನೆತ್ತಿಯ ಮೇಲೆ, ಕೈಗೆಟಕುವಷ್ಟು ಹತ್ತಿರ, ಇಡೀ ಸಂಸಾರವನ್ನು ನುಂಗಬಲ್ಲ ಪೆಟ್ಟಿಗೆ ಖಾಲಿ ಮಲಗಿದೆ, ಅದರ ಕೀಲಿಕೈ ತನ್ನ ಜೇಬಿನಲ್ಲಿ ಬೆಚ್ಚಗಿದೆ. ಅರೆ, ಇಲ್ಲೇ ಇದೆಯಲ್ಲ ಎಂದು ಈಗಲೇ ನೆಲದಿಂದ ಎತ್ತಿದಂತೆ ಮಾಡಿದರೆ? ಬಗ್ಗಿಯೂ ಬಗ್ಗಿದ. ಆಗಲೇ ಅಳಿಯ ಪಕ್ಕಕ್ಕೆ ಬಂದು, ಸುಮ್ಮನೆ ನಿಂತು ನೋಡಿ, ‘ಇದಿಷ್ಟನ್ನೂ ಒಳಗೆ ಹಾಕಿದ್ರಲ್ಲ, ಬೇರೆಯವರ ಕೈಲಿ ಆಗ್ತಿರಲಿಲ್ಲ ಮಾವ’ ಎಂದ. ಬಾಲ್ಕನಿಯವರೂ ಹೌದೆಂದರು. ಹೊಗಳಿಕೆ ಕೇಳಿದ ಬೆನ್ನು ನೆಟ್ಟಗಾಯಿತು, ಕೀಲಿಕೈ ಜೇಬಿನಲ್ಲೇ ಉಳಿಯಿತು.

ಡಬ್ಬವನ್ನು ಯಾರ ತೊಡೆಯ ಮೇಲಾದರೂ ಇಡಬೇಕಾಯಿತು. ಕೊಡಿ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಮುಂದಿನ ಸೀಟಿನಲ್ಲಿ ಕೂತಿದ್ದ ಅವನು ಕೈ ಚಾಚಿದ. ಆ ಕ್ಷಣಕ್ಕೆ ಅದು ನಿಜವಾದ ಮಾತೇ. ಮಗಳು ಬಿಡಲಿಲ್ಲ. ‘ನಿನ್ನ ಮಂಡಿಗೆ ಆಗಲ್ಲ ಅಪ್ಪ, ಕೊಡಿಲ್ಲಿ’ ಎಂದು ಕಿತ್ತುಕೊಂಡು, ಹಿಂದಿನ ಸೀಟಿನಲ್ಲಿ ಅಮ್ಮನಿಗೂ ದೊಡ್ಡಮ್ಮನಿಗೂ ನಡುವೆ, ಕಾಲ ಕೆಳಗೆ ಕೈಚೀಲ, ತೊಡೆಯ ಮೇಲೆ ಡಬ್ಬ, ಡಬ್ಬದ ಮೇಲೆ ಗಲ್ಲ ಊರಿ ಕೂತಳು. ಹಿಂದೆ ಅವಳಿಗೆ ಆರೋ ಏಳೋ ವರ್ಷವಿದ್ದಾಗ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆಯ ಸುರುಳಿ ಮತ್ತು ಚೀಲಗಳ ನಡುವೆ ಅವನು ಒಂದು ಗೂಡು ಬಿಡುತ್ತಿದ್ದ, ಕಿಟಕಿಯ ಪಕ್ಕ, ಸರಿಯಾಗಿ ಅವಳ ಅಳತೆಗೆ. ಅಪ್ಪ ನನ್ನ ಗೂಡು ಮಾಡಿದ್ಯಾ ಎಂದು ಕೇಳಿಯೇ ಅವಳು ಕಾರು ಹತ್ತುತ್ತಿದ್ದದ್ದು. ನೆಂಟರೆಲ್ಲ ಅವನ ಕೈಚಳಕವೆಂದು ಹೊಗಳುತ್ತಿದ್ದದ್ದು ಆ ಗೂಡಿನಿಂದ ಶುರುವಾದದ್ದು. ಅವನು ತುಂಬುತ್ತಿದ್ದದ್ದು ಡಿಕ್ಕಿಯನ್ನಲ್ಲ, ಒಂದು ಮಗು ಮಲಗುವಷ್ಟು ಜಾಗವನ್ನು ಖಾಲಿ ಉಳಿಸುತ್ತಿದ್ದ. ಈಗ ಕನ್ನಡಿಯಲ್ಲಿ ನೋಡಿದರೆ ಮಗಳ ಮೊಣಕಾಲು ಕಿವಿಯ ಹತ್ತಿರ ಬಂದಿದೆ.

ಊರು ದಾಟಿ ಹೆದ್ದಾರಿಗೆ ಬಿದ್ದೊಡನೆ ಪೆಟ್ಟಿಗೆ ಹಾಡತೊಡಗಿತು. ಮೊದಲು ಸಣ್ಣಗೆ, ಯಾರೋ ಬಾಟಲಿಯ ಬಾಯಿಗೆ ಊದಿದ ಹಾಗೆ ಊಂ ಎಂದಿತು. ವೇಗ ಹೆಚ್ಚಿದಂತೆ ಸ್ವರ ಏರಿತು. ಏನದು ಎಂದು ಹೆಂಡತಿ ಕೇಳಿದಳು. ಒಳಗೇನೂ ಇಲ್ಲವಲ್ಲ, ಗಾಳಿಗೆ ಹಾಗಾಗುತ್ತದೆ, ತುಂಬಿದ್ದರೆ ಸದ್ದಾಗುವುದಿಲ್ಲ ಎಂದು ಅಳಿಯ ವಿವರಿಸಿದ. ಡಿಕ್ಕಿಮಾವನ ಕಿವಿ ಬಿಸಿಯಾಯಿತು. ಅಲ್ಲಿಂದ ಮುಂದೆ ಪ್ರತಿಯೊಂದು ಇಳಿಜಾರಿನಲ್ಲೂ ಅದು ಅವನ ನಡುನೆತ್ತಿಯ ಮೇಲೆ, ಸರಿಯಾಗಿ ಅವನಿಗೊಬ್ಬನಿಗೇ ಎಂಬಂತೆ, ಊಂ ಎನ್ನುತ್ತಿತ್ತು. ಹಿಂದಿನಿಂದ ಹೆಡ್‌ಮಿಸ್ ಪಾಠ ಶುರುಮಾಡಿದಳು. ಬಾಯೊಳಗೆ ಅಷ್ಟು ಸಣ್ಣ ಸೂಜಿ ಹಾಕಿ ಕೆಲಸ ಮಾಡುವವರು ಒಂದು ಕೀಯನ್ನು ಜೋಪಾನ ಮಾಡಲಾರರೇ, ವಸ್ತು ಇಟ್ಟ ಜಾಗ ಮೂರು ಸಲ ಬಾಯಲ್ಲಿ ಹೇಳಿಕೊಂಡರೆ ಮರೆಯುವುದಿಲ್ಲ, ಇದನ್ನು ತಾನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿಲ್ಲ. ಅಳಿಯ ಹೌದು ದೊಡ್ಡಮ್ಮ, ಹೌದು ದೊಡ್ಡಮ್ಮ ಎನ್ನುತ್ತ ಓಡಿಸುತ್ತಿದ್ದ. ಡಾಕ್ಟರೊಬ್ಬ ಬೈಸಿಕೊಳ್ಳುವುದನ್ನು ಪಕ್ಕದಲ್ಲೇ ಕೂತು ಕೇಳುವ ಸುಖ ಔಷಧಿ ಅಂಗಡಿಯವನಿಗೆ ಎಲ್ಲಿ ಸಿಗಬೇಕು? ಡಿಕ್ಕಿಮಾವ ಒಳಗೊಳಗೇ ಅದನ್ನು ಚಪ್ಪರಿಸಿದ, ಚಪ್ಪರಿಸಿದ ಮೇಲೆ ನಾಚಿಕೆಪಟ್ಟ, ನಾಚಿಕೆಪಟ್ಟು ಕಿಟಕಿಯ ಹೊರಗೆ ನೋಡಿದ. ಇಂಥದಕ್ಕೆ ಇನ್ನೊಂದು ಕೀ ಕೊಟ್ಟಿರ್ತಾರಲ್ಲ, ಅದೆಲ್ಲಿ ಎಂದು ಹೆಡ್‌ಮಿಸ್ ಕೇಳಿದಳು. ಅಳಿಯ ಯಾಕೋ ಕೆಮ್ಮಿ, ಎಲ್ಲೋ ಇರಬೇಕು ಎಂದು ರೇಡಿಯೋದ ಗುಂಡಿ ತಿರುವಿದ. ‘ಅದನ್ನೂ ಕಳೆದಿರ್ತಾನೆ ಬಿಡಿ’ ಎಂದಳು ಮಗಳು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಊಟಕ್ಕೆ ನಿಲ್ಲಿಸಿದ ಕಡೆ ಮಗಳಿಗೆ ಇಳಿಯಲಾಗಲಿಲ್ಲ. ಕಾಲು ಜೋಮು ಹಿಡಿದು, ಬಾಗಿಲು ಹಿಡಿದುಕೊಂಡು ನಿಂತು, ನೆಲಕ್ಕೆ ಪಾದ ಕುಟ್ಟಿದಳು. ಅವನು ಕೈತೊಳೆಯಲು ಹೋದವನು ವಾಪಸ್ಸು ಬರುವಾಗ ಕಾರಿನ ಹಿಂದುಗಡೆ ಗಂಡ ಹೆಂಡತಿ ನಿಂತಿದ್ದರು. ಮಗಳಿಗೆ ಅಪ್ಪ ಬಂದದ್ದು ಕಾಣಲಿಲ್ಲ. ‘ಒಂದು ಕೀಗಲ್ಲ ನಾನು ಹೇಳ್ತಿರೋದು. ನಿನಗೆ ಯಾವುದೂ ಮುಖ್ಯ ಅಲ್ಲ. ಈ ಒಂದು ವಾರನಾದ್ರೂ ಸರಿಯಾಗಿರುತ್ತೆ ಅಂದ್ಕೊಂಡಿದ್ದೆ’ ಎನ್ನುತ್ತಿದ್ದಳು. ಅಳಿಯ ತನ್ನ ಕೀಗೊಂಚಲನ್ನು ಜೇಬಿನೊಳಗೇ ಗಲಗಲ ಅಲ್ಲಾಡಿಸುತ್ತ ನಿಂತಿದ್ದ. ಡಿಕ್ಕಿಮಾವ ಹೆಜ್ಜೆಸದ್ದು ಮಾಡದೆ ಮತ್ತೆ ಕೈತೊಳೆಯುವಲ್ಲಿಗೆ ಹೋಗಿ, ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದ. ಗಂಡ ಹೆಂಡತಿಯ ನಡುವೆ ಏನೇನಿದೆಯೋ ಅವನಿಗೆ ಗೊತ್ತಿಲ್ಲ, ಆದರೆ ಈ ಹೊತ್ತು ಅಲ್ಲಿ ಇರುವುದು ತನ್ನ ಜೇಬಿನ ಸಾಮಾನು. ಬೇಸಿನ್ನಿನ ಪಕ್ಕ ಒಂದು ಕಸದ ಬುಟ್ಟಿಯಿತ್ತು. ಕೀಲಿಕೈಯನ್ನು ಹೊರಗೆ ತೆಗೆದು ಅದರ ಮೇಲೆ ಹಿಡಿದ. ಬಿದ್ದರೆ ಠಣ್ ಎನ್ನುತ್ತದೆ, ಯಾರಾದರೂ ಕೇಳುತ್ತಾರೆ ಎಂದು ಮನಸ್ಸು ನೆವ ಹುಡುಕಿತು. ಅದು ನೆವ ಎಂಬುದೂ ಅವನಿಗೆ ಗೊತ್ತಿತ್ತು, ಮತ್ತೆ ಜೇಬಿಗೆ ಹಾಕಿಕೊಂಡ.

ಸಿಗುವಂತೆ ಮಾಡುವುದೇ ಸರಿ ಎಂದು ಮಧ್ಯಾಹ್ನದ ದಾರಿಯಲ್ಲಿ ತೀರ್ಮಾನಿಸಿದ. ಸೀಟಿನ ಕೆಳಗೆ ಮೆಲ್ಲಗೆ ಕೈ ಇಳಿಬಿಟ್ಟ. ಏನಾದರೂ ಬಿತ್ತಾ ಮಾವ ಎಂದು ಅಳಿಯ ರಸ್ತೆಯಿಂದ ಕಣ್ಣು ತೆಗೆಯದೆಯೇ ಕೇಳಿದ. ಇಲ್ಲ, ಬೆನ್ನು ಹಿಡಿದುಕೊಂಡಿತು ಎಂದು ಇನ್ನೊಂದು ಸುಳ್ಳು ಹೇಳಿದ. ಒಂದಕ್ಕೊಂದು ಒತ್ತಾಗಿ ಕೂರಿಸುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಕೈ ವಾಪಸ್ಸು ತೊಡೆಗೆ ಬಂದ ಮೇಲೆ ಬುದ್ಧಿ ಕೆಲಸ ಮಾಡಿತು. ಸೀಟಿನ ಕೆಳಗೆ ಸಿಕ್ಕಿತು ಎಂದಿಟ್ಟುಕೊಳ್ಳೋಣ, ಆಗ ಎಲ್ಲರೂ ಏನೆನ್ನುತ್ತಾರೆ? ಕಾರಿನಲ್ಲೇ ಬೀಳಿಸಿಕೊಂಡು ಮನೆಯೆಲ್ಲ ಹುಡುಕಿಸಿದ ಎನ್ನುತ್ತಾರೆ. ಅಳಿಯನ ಕೋಟಿನಲ್ಲಿ ಸಿಕ್ಕಿದರೆ ಮುಗಿದೇ ಹೋಯಿತು. ಹಣ್ಣಿನ ಬುಟ್ಟಿಯಲ್ಲಿ ಸಿಕ್ಕಿದರೂ ಅಳಿಯನೇ ಬೆಪ್ಪ, ನಡುರಸ್ತೆಯಲ್ಲಿ ಸಿಕ್ಕಿದರೂ ಅಳಿಯನೇ ಬೆಪ್ಪ. ಇಡೀ ಭೂಮಿಯ ಮೇಲೆ ಆ ಕೀಲಿಕೈ ನ್ಯಾಯವಾಗಿ ಸಿಗಬಹುದಾದ ಜಾಗ ಒಂದೇ, ತನ್ನ ಬಲಗಡೆಯ ಜೇಬು. ಅದಕ್ಕೆ ಸರಿಯಾದ ಜಾಗದಲ್ಲೇ ಅದು ಬೆಳಿಗ್ಗೆಯಿಂದ ಕೂತಿದೆ. ಎಂದೂ ತಪ್ಪದ ತನ್ನ ಕೈ ಇಲ್ಲೂ ತಪ್ಪಲಿಲ್ಲವಲ್ಲ ಎಂದುಕೊಂಡಾಗ ಅವನಿಗೆ ಅಳುವಂತಾಯಿತು. ಮೇಲೆ ಪೆಟ್ಟಿಗೆ ಊಂ ಎಂದಿತು.

ಸಂಜೆ ಲಾಡ್ಜಿನಲ್ಲಿ ಡಿಕ್ಕಿ ತೆರೆದಾಗ ಬೇಕಾದ ಚೀಲ ಬಾಗಿಲಲ್ಲೇ ಇತ್ತು, ಉಳಿದದ್ದು ಒಂದೂ ಅಲುಗಿರಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ. ಕೋಣೆಗೆ ಹೋದೊಡನೆ ಹೆಂಡತಿ ಇಸ್ತ್ರಿಪೆಟ್ಟಿಗೆ ತರಿಸಿದಳು. ನಾಳೆ ಹಡಗಿನವರ ಮುಂದೆ ಮುದುಡಿದ ಪ್ಯಾಂಟಿನಲ್ಲಿ ಹೋಗಬಾರದು, ಬಿಚ್ಚಿಕೊಡಿ ಎಂದಳು. ಬೇಡ ಎಂದ. ಕೊಡಿ ಅಂದ್ರೆ ಎಂದಳು. ಬೇಡ, ಹೀಗೇ ಚೆನ್ನಾಗಿದೆ ಎಂದು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಗೋಡೆಗೆ ಬೆನ್ನು ಆನಿಸಿ ನಿಂತ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡ ಪ್ಯಾಂಟಿನ ವಿಷಯದಲ್ಲಿ ಹೀಗೆ ಮರ್ಯಾದೆಗಂಜುವುದನ್ನು ನೋಡಿ ಹೆಂಡತಿ ಹಣೆ ಮುಟ್ಟಿದಳು, ಜ್ವರವಿರಲಿಲ್ಲ. ‘ಪ್ಯಾಂಟ್ ಹಾಕ್ಕೊಂಡೇ ಮಲಗ್ತೀರೇನ್ರೀ?’ ಎಂದಳು. ಹಡಗಿನಲ್ಲಿ ಅಭ್ಯಾಸವಾಗಲಿ ಎಂದ. ಹಡಗಿಗೂ ಪ್ಯಾಂಟಿಗೂ ಏನು ಸಂಬಂಧ ಎನ್ನುತ್ತ ಅವಳು ಇಸ್ತ್ರಿಪೆಟ್ಟಿಗೆಯ ತಂತಿ ಸುತ್ತಿಟ್ಟಳು.

ಬಚ್ಚಲ ಕನ್ನಡಿಯ ಮುಂದೆ ಬಾಯಿ ತುಂಬ ನೊರೆ ಇಟ್ಟುಕೊಂಡು ಅವನು ಮಾತು ಕೂಡಿಸಿದ. ನೋಡಿ ಡಾಕ್ಟ್ರೇ, ಒಂದು ತಮಾಷೆ ಆಯ್ತು. ಬೇಡ, ತಮಾಷೆ ಎನ್ನಬಾರದು. ನೋಡಪ್ಪ, ವಯಸ್ಸಾಯ್ತು, ಮರೆವು. ಮರೆವೆಂಬುದೂ ಸುಳ್ಳು. ಕೊನೆಗೆ, ಕೀ ನನ್ನ ಹತ್ತಿರ ಇದೆ ಎಂದಷ್ಟೇ ಹೇಳಿಬಿಡುವುದೆಂದು ಬಾಯಿ ಮುಕ್ಕಳಿಸಿ ಹೋಗಿ ಪಕ್ಕದ ಕೋಣೆಯ ಬಾಗಿಲು ತಟ್ಟಿದ. ತೆರೆದವಳು ಮಗಳು. ಅವನು ಹೊರಗೆ ಓಡಾಡಲು ಹೋಗಿದ್ದಾನೆ, ಯಾಕಪ್ಪ ಎಂದಳು. ಅವಳ ಕಣ್ಣು ಕೆಂಪಗಿತ್ತು. ಡಿಕ್ಕಿಮಾವ ಎಡಗಡೆಯ ಜೇಬಿಗೆ ಕೈಹಾಕಿ ನೋವಿನ ಮುಲಾಮಿನ ಟ್ಯೂಬು ಕೊಟ್ಟ. ಅದೊಂದು ಯಾವಾಗಲೂ ಅವನ ಬಳಿ ಇರುತ್ತದೆ. ಮೊಣಕಾಲಿಗೆ ಹಚ್ಚಿ ಮೆಲ್ಲಗೆ ಉಜ್ಜು, ಬಿಸಿ ನೀರು ಕೂಡಲೇ ಹಾಕಬೇಡ ಎಂದ. ಮಗಳು ಟ್ಯೂಬನ್ನು ಅಂಗೈಯಲ್ಲಿಟ್ಟು ನೋಡುತ್ತ ನಿಂತಳು. ‘ನೀನೊಬ್ಬನೇ ಅಪ್ಪ ಏನನ್ನೂ ಮರೆಯದೇ ಇರೋನು’ ಎಂದಳು. ಅವನಿಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನ್ನಿಸಿತು. ಬಾಯಿ ಬಿಡಲಿಲ್ಲ, ನೆಲವೂ ಅವನೂ.

ಮರುದಿನ ಬಂದರಿನಲ್ಲಿ ಕಾರು ನಿಲ್ಲಿಸಿದ ಕೂಡಲೇ ಕೂಲಿಯವರಿಬ್ಬರು ಕೈಗಾಡಿ ತಳ್ಳಿಕೊಂಡು ಬಂದು ಡಿಕ್ಕಿಯನ್ನು ಬಾಚಿ ಬರಿದು ಮಾಡಿದರು. ಒಳಗಿನದು ಮೊದಲು, ಮೇಲಿನದು ಆಮೇಲೆ, ಯಾವುದಕ್ಕೂ ಹಿಂದುಮುಂದಿಲ್ಲ. ಸೂಟ್‌ಕೇಸಿನ ಮೇಲೆ ದಿಂಬು, ದಿಂಬಿನ ಮೇಲೆ ಸೂಟ್‌ಕೇಸು. ಅವನು ಬೆಳಗಿನ ಹೊತ್ತೆಲ್ಲ ಬೆವರು ಸುರಿಸಿ ಕಟ್ಟಿದ್ದು ಅವರು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಹೋಯಿತು. ಕಾರನ್ನು ಅಲ್ಲೇ ಬಿಟ್ಟು ನಡೆಯಬೇಕಿತ್ತು. ತಿರುಗಿ ನೋಡಿದರೆ ಸಾಲುಸಾಲು ಕಾರುಗಳ ನಡುವೆ ಆ ಕರಿ ಪೆಟ್ಟಿಗೆ ಒಳಗೇನೂ ಇಲ್ಲದೆ ಹೊಳೆಯುತ್ತಿತ್ತು. ಅದರಾಚೆ ಹಡಗು, ಊರಿನ ದೊಡ್ಡ ಆಸ್ಪತ್ರೆಯೊಂದನ್ನು ನೀರಿನ ಮೇಲೆ ತಂದು ನಿಲ್ಲಿಸಿದಷ್ಟು ಎತ್ತರ. ಹೆಡ್‌ಮಿಸ್ ಟೋಪಿ ಹಾಕಿಕೊಳ್ಳಲು ಇದೇ ಸಮಯವೆಂದು ಡಬ್ಬ ತೆರೆದು, ಗಾಳಿ ಜಾಸ್ತಿಯಿದೆ ಎಂದು ಮತ್ತೆ ಮುಚ್ಚಿ ಮಗಳ ಕೈಗೇ ಕೊಟ್ಟಳು. ಮಗಳು ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆ, ಅವನ ಕಡೆ ತಿರುಗದೆ ನಡೆದಳು.

ಒಳಗೆ ತಪಾಸಣೆಯ ಸಾಲು. ಜೇಬಿನಲ್ಲಿರುವುದನ್ನೆಲ್ಲ ಟ್ರೇಗೆ ಹಾಕಿ, ಬೆಲ್ಟು ಬಿಚ್ಚಿ ಎಂದು ಖಾಕಿ ತೊಟ್ಟ ಹೆಂಗಸೊಬ್ಬಳು ಎಲ್ಲರಿಗೂ ಒಂದೇ ರಾಗದಲ್ಲಿ ಹೇಳುತ್ತಿದ್ದಳು. ಹೆಂಗಸರು ಮೂವರೂ ಆಚೆ ದಾಟಿದರು. ಅಳಿಯ ಕೀಗೊಂಚಲು, ಗಡಿಯಾರ ಹಾಕಿ ದಾಟಿದ. ಈಗ ಡಿಕ್ಕಿಮಾವನ ಸರದಿ. ಪಕ್ಕದಲ್ಲೇ ಒಂದು ದೊಡ್ಡ ಡ್ರಮ್ಮು, ಜನ ನೀರಿನ ಬಾಟಲಿಗಳನ್ನು ಅದರೊಳಗೆ ಎಸೆಯುತ್ತಿದ್ದರು. ಆ ಗದ್ದಲದಲ್ಲಿ ಒಂದು ಚಿಕ್ಕ ಕೀಲಿಕೈ ಬಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಈ ಸಲ ನೆವಕ್ಕೂ ಜಾಗವಿರಲಿಲ್ಲ. ಆಚೆ ಅಳಿಯ ಬೆಲ್ಟು ಕಟ್ಟಿಕೊಳ್ಳುತ್ತಿದ್ದ, ತಲೆ ತಗ್ಗಿಸಿ, ತಪ್ಪು ಮಾಡಿ ಕ್ಲಾಸಿನ ಹೊರಗೆ ನಿಲ್ಲಿಸಿಕೊಂಡವನ ಮುಖ ಮಾಡಿಕೊಂಡು. ಮಗಳು ಬೇರೆ ಕಡೆ ನೋಡುತ್ತಿದ್ದಳು. ಡಿಕ್ಕಿಮಾವ ಪರ್ಸು ಹಾಕಿದ, ಮುಲಾಮಿಲ್ಲದ ಎಡಜೇಬಿನಿಂದ ಕರವಸ್ತ್ರ ತೆಗೆದು ಹಾಕಿದ, ಆಮೇಲೆ ಇನ್ನೊಂದು ಟ್ರೇ ಎಳೆದುಕೊಂಡು ಅದರ ನಟ್ಟನಡುವೆ, ಸುತ್ತಲೂ ಜಾಗ ಬಿಟ್ಟು, ಕೀಲಿಕೈಯೊಂದನ್ನೇ ಇಟ್ಟ. ಅಷ್ಟು ಕೆಟ್ಟದಾಗಿ ಅವನು ಯಾವ ವಸ್ತುವನ್ನೂ ಇಟ್ಟಿರಲಿಲ್ಲ. ಟ್ರೇ ಸಾಗಿತು.

ಆಚೆ ಇನ್ನೊಬ್ಬಳು ಖಾಕಿಯ ಹೆಂಗಸು ಟ್ರೇಯನ್ನೇ ಎತ್ತಿ ಹಿಡಿದು, ಇದೊಂದೇ ಟ್ರೇಯಲ್ಲಿದೆ, ಯಾರದಿದು ಎಂದಳು. ಹೆಡ್‌ಮಿಸ್ ಮೊದಲು ನೋಡಿದಳು, ಆಮೇಲೆ ಹೆಂಡತಿ, ಆಮೇಲೆ ಮಗಳು. ಡಿಕ್ಕಿಮಾವ ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ತಪಾಸಣೆಯ ಚೌಕಟ್ಟು ದಾಟಿ ಬಂದ.

‘ನಮ್ಮಳಿಯನದು. ನಾನು ತಗೊಂಡಿದ್ದೆ’ ಎಂದ. ಸಾಕಾಗಲಿಲ್ಲ ಎನಿಸಿ, ‘ಮೊನ್ನೆ ಸಂಜೆಯಿಂದ ನನ್ನ ಜೇಬಲ್ಲೇ ಇತ್ತು. ಗೊತ್ತಿದ್ದೇ ಇಲ್ಲ ಅಂದೆ’ ಎಂದ.

ಹೆಡ್‌ಮಿಸ್ ಬಾಯಿ ತೆರೆದಳು, ಅವಳ ಜೀವಮಾನದಲ್ಲಿ ಮೊದಲ ಬಾರಿಗೆ ಅದರಿಂದ ಏನೂ ಹೊರಡಲಿಲ್ಲ. ಹೆಂಡತಿ ಪ್ಯಾಂಟನ್ನು ನೋಡಿ, ಓ ಎಂದಳು. ಮಗಳು ಡಬ್ಬವನ್ನು ಎದೆಗವಚಿಕೊಂಡು ಅವನನ್ನೇ ನೋಡಿದಳು, ಗೂಡು ಎಲ್ಲಿ ಎಂದು ಕೇಳುವ ಕಾಲದಲ್ಲಿ ನೋಡುತ್ತಿದ್ದ ಹಾಗೆ. ಬೈದಿದ್ದರೆ ವಾಸಿಯಿತ್ತು. ಅಷ್ಟರಲ್ಲಿ ಅಳಿಯ ಕೆಮ್ಮಿದ. ತನ್ನ ಕೀಗೊಂಚಲನ್ನು ಎತ್ತಿ, ಉಗುರಿನಿಂದ ರಿಂಗು ಬಿಡಿಸಿ, ಮನೆಯ ಕೀ, ಕ್ಲಿನಿಕ್ಕಿನ ಕೀ ಸರಿಸಿ, ಒಂದನ್ನು ತೆಗೆದು ಖಾಕಿಯವಳ ಮುಂದಿನ ಟ್ರೇಯಲ್ಲಿ ಇದರ ಪಕ್ಕದಲ್ಲಿ ಇಟ್ಟ. ಅದೇ ಗಾತ್ರ, ಅದೇ ಆಕಾರ, ಆಟದ ಸಾಮಾನಿನಂಥದೇ.

‘ಎರಡು ಕೊಡ್ತಾರೆ’ ಎಂದ, ಎಂದಿನ ಮೆತ್ತನೆ ದನಿಯಲ್ಲಿ. ‘ನೀವು ಜೇಬಿಗೆ ಹಾಕ್ಕೊಂಡಿದ್ದು ನೋಡ್ದೆ ಮಾವ. ಬೆಳಿಗ್ಗೆ ಕೊಡ್ತೀರಿ ಅಂದ್ಕೊಂಡೆ. ಇಲ್ಲ ಅಂದ್ರಿ. ಮಾವನ ಜೇಬು ತೋರಿಸಿ ಅನ್ನೋಕಾಗುತ್ತಾ? ಇದನ್ನ ತೆಗೆಯೋಣ ಅಂತ ಬಂದೆ, ನೀವು ಡಿಕ್ಕಿ ಮುಂದೆ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತಿದ್ರಿ. ಆ ಮುಖ ನೋಡಿ ಮನಸ್ಸು ಬರ್ಲಿಲ್ಲ. ಆಮೇಲೆ ಎಲ್ಲರೂ ಬೈಯೋಕೆ ಶುರು ಮಾಡಿದ್ರು, ಅಷ್ಟು ಬೈಸಿಕೊಂಡ ಮೇಲೆ ತೆಗೆದ್ರೆ ಇನ್ನೂ ಬೈತಾರೆ ಅಂತ ಸುಮ್ಮನಾದೆ.’

ನೆನ್ನೆ ಇಡೀ ದಿನ ಒಂದೇ ಸೀಟಿನ ಸಾಲಿನಲ್ಲಿ, ಒಬ್ಬನ ಬಲಜೇಬಿನಲ್ಲಿ ಒಂದು, ಇನ್ನೊಬ್ಬನ ಜೇಬಿನಲ್ಲಿ ಒಂದು, ಎರಡು ಕೀಲಿಕೈ ಇಟ್ಟುಕೊಂಡು ಇಬ್ಬರೂ ಖಾಲಿ ಪೆಟ್ಟಿಗೆಯ ಹಾಡು ಕೇಳಿದ್ದರು. ಅಂಗಡಿಯಲ್ಲಾಗಲಿ ಮದುವೆಮನೆಯಲ್ಲಾಗಲಿ ಡಿಕ್ಕಿಮಾವನ ಮರ್ಯಾದೆಗೆಂದು ಯಾರೂ ಒಂದು ಬೈಗುಳವನ್ನೂ ತಿಂದದ್ದಿಲ್ಲ. ಈ ಹುಡುಗ ಒಂದೂವರೆ ದಿನದ ದಾರಿಯುದ್ದಕ್ಕೂ ತಿಂದಿದ್ದ, ಹೌದು ದೊಡ್ಡಮ್ಮ ಎನ್ನುತ್ತ. ನಾಚಿಕೆ, ಸಂತೋಷ, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಲಾರದೆ ಅವನ ಕಣ್ಣು ತುಂಬಿಬಂತು.

ಮಗಳಿಗೆ ಕಣ್ಣು ತುಂಬುವ ಲಕ್ಷಣವೇನೂ ಇರಲಿಲ್ಲ. ಅವಳು ಟ್ರೇಯಲ್ಲಿದ್ದ ಎರಡು ಕೀಲಿಕೈ ನೋಡಿದಳು, ಬಗ್ಗಿ ತನ್ನ ಮೊಣಕಾಲು ನೋಡಿಕೊಂಡಳು, ಮತ್ತೆ ಕೀಲಿಕೈ ನೋಡಿದಳು. ಹಿಂದೆ ಸಾಲು ನಿಂತಿತ್ತು. ಖಾಕಿಯ ಹೆಂಗಸು ಅಸಹನೆಯಿಂದ, ಇವರಿಬ್ಬರೂ ನಿಮ್ಮ ಜೊತೆಗೆ ಬಂದವರಾ ಎಂದು ಅವಳನ್ನು ಕೇಳಿದಳು.

‘ಅಲ್ಲ’ ಎಂದಳು ಮಗಳು.

ಎರಡೂ ಕೀಲಿಕೈಗಳನ್ನು ತನ್ನ ಪರ್ಸಿಗೆ ಹಾಕಿ ಜಿಪ್ಪೆಳೆದಳು. ಗುಂಡು ಡಬ್ಬವನ್ನು ಅಪ್ಪನ ಕೈಗಿತ್ತು, ಕೈಚೀಲವನ್ನು ಗಂಡನ ಕುತ್ತಿಗೆಗೆ ನೇತುಹಾಕಿ, ವಾಪಸ್ಸು ಬರುವಾಗ ಕಾರು ನಾನು ಓಡಿಸುತ್ತೇನೆ, ಅಮ್ಮ ಮುಂದೆ ಕೂರುತ್ತಾಳೆ, ನೀವಿಬ್ಬರೂ ದೊಡ್ಡಮ್ಮನ ಜೊತೆ ಹಿಂದೆ, ಪೆಟ್ಟಿಗೆ ಖಾಲಿಯೇ ಬರುತ್ತದೆ ಎಂದು ಹೇಳಿ ಹೋದಳು. ನಾಲ್ಕು ಹೆಜ್ಜೆ ಹೋದ ಮೇಲೆ ಅವಳ ಭುಜ ಅಲುಗತೊಡಗಿದ್ದು ಹಿಂದಿನಿಂದ ಕಾಣುತ್ತಿತ್ತು. ಅಮ್ಮನ ತೋಳು ಹಿಡಿದುಕೊಂಡು ನಗುತ್ತಿದ್ದಳು, ನಕ್ಕು ನಕ್ಕು ನಡೆಯಲಾರದೆ ನಿಂತಳು. ಹೆಡ್‌ಮಿಸ್ ಗಂಡಸರಿಬ್ಬರನ್ನೂ ದುರುಗುಟ್ಟಿಕೊಂಡು ನೋಡುತ್ತ ತಾಯಿ ಮಗಳ ಹಿಂದೆಯೇ ನಡೆದಳು. ಮಾವ ಅಳಿಯ ಇಬ್ಬರೂ ಸಾಮಾನು ಹೊತ್ತು ಅಲ್ಲೇ ನಿಂತಿದ್ದರು. ಬಹಳ ಇಕ್ಕಟ್ಟಾಗುತ್ತೆ ಮಾವ ಎಂದ ಅಳಿಯ. ಡಿಕ್ಕಿಮಾವ ಡಬ್ಬವನ್ನು ಒಂದು ಕಂಕುಳಿಗೆ ಸೇರಿಸಿ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಅಳಿಯನ ಕಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದ, ತನ್ನದನ್ನು ನೋಡಿಕೊಂಡ, ಮನಸ್ಸಿನಲ್ಲೇ ಇಬ್ಬರನ್ನೂ ಸೀಟಿನಲ್ಲಿ ಕೂರಿಸಿ ಸ್ವಲ್ಪ ಓರೆ ಮಾಡಿದ. ಅಳಿಯನ ಎಡಮೊಣಕಾಲಿಗೂ ತನ್ನ ಬಲಮೊಣಕಾಲಿಗೂ ನಡುವೆ ಈ ಡಬ್ಬ ಸರಿಯಾಗಿ ಕೂರುತ್ತಿತ್ತು.